ಕೆಂಪುಕೋಟೆಯ ಭಾಷಣ ಮತ್ತು ನಮ್ಮ ಶಾಲೆಗಳು

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮುಂಬಯಿಯಲ್ಲಿ ಮಾಡಿದ ಭಾಷಣದ ಪಾಠ)



ಉಪನ್ಯಾಸಕ್ಕೆ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘದ ಕಾರ್ಯದರ್ಶಿಗಳು ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ಒಂದು ಹಳೆಯ ಭಾಷಣ. 2007ನೆಯ ಆಗಸ್ಟ್ 15ರಂದು ಅಂದಿನ ಪ್ರಧಾನಿ ಡಾ. ಮನಮೋಹನ ಸಿಂಗ್ ಅವರು ದೆಹಲಿಯ ಕೆಂಪುಕೋಟೆಯಿಂದ ಮಾಡಿದ ಭಾಷಣವದು. 2024ರ ಡಿಸೆಂಬರ್ 26ರಂದು ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ 1991ರ ಅವರ ಮುಂಗಡಪತ್ರವನ್ನು ನೆನೆದವು. 2007ರ ಭಾಷಣವನ್ನು ನೆನೆದವರು ಕಡಿಮೆ. ಆದರೆ ಪರರಾಜ್ಯದಲ್ಲಿ ನೆಲೆಸಿ, ಇಲ್ಲಿಯೂ ಕನ್ನಡ ಶಾಲೆ ಉಳಿಯಬೇಕೆಂದು ಬಯಸುವ ನಮಗೆ ಆ ಎರಡನೆಯ ಭಾಷಣ ಹೆಚ್ಚು ಮುಖ್ಯವಾದುದು. ಎರಡನ್ನೂ ಜೊತೆಗಿಟ್ಟು ಓದಿದಾಗ ಹೊಳೆದ ಕೆಲವು ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ. ನಾನು ಕೇಂದ್ರ ಸರಕಾರದ ಸೇವೆಯಲ್ಲಿರುವವನು. ಇಲ್ಲಿ ಹೇಳುವುದೆಲ್ಲ ನನ್ನ ವೈಯಕ್ತಿಕ ಅಭಿಪ್ರಾಯವೆಂದು ತಾವು ಭಾವಿಸಬೇಕು. ಯಾವ ಪಕ್ಷವನ್ನೂ ಹೊಗಳುವ ಅಥವಾ ತೆಗಳುವ ಉದ್ದೇಶ ನನಗಿಲ್ಲ.

ಅರ್ಥವ್ಯವಸ್ಥೆ ಮತ್ತು ಶಿಕ್ಷಣ ಎರಡನ್ನೂ ಒಳಗಿನಿಂದ ಬಲ್ಲ ರಾಜಕಾರಣಿಗಳು ನಮ್ಮಲ್ಲಿ ವಿರಳ. ಡಾ. ಸಿಂಗ್ ಅಂಥವರಲ್ಲೊಬ್ಬರು. ಇಂದು ಪಾಕಿಸ್ತಾನಕ್ಕೆ ಸೇರಿರುವ ಗಾಹ್ ಎಂಬ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಅವರು ಉರ್ದು ಮಾಧ್ಯಮದಲ್ಲಿ ಅಕ್ಷರ ಕಲಿತರು. ಮುಂದೆ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಓದಿದರು. ಪಂಜಾಬ್ ವಿಶ್ವವಿದ್ಯಾಲಯದಲ್ಲಿ, ದೆಹಲಿಯ ಅರ್ಥಶಾಸ್ತ್ರ ಶಾಲೆಯಲ್ಲಿ ಪಾಠ ಹೇಳಿದರು. 1982ರಿಂದ 1985ರವರೆಗೆ ನಮ್ಮ ಈ ಮುಂಬಯಿಯಲ್ಲೇ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದರು. 1991ರ ಜೂನ್ ತಿಂಗಳಲ್ಲಿ ಪಿ. ವಿ. ನರಸಿಂಹರಾವ್ ಅವರು ಅರ್ಥಮಂತ್ರಿಯಾಗಲು ಕರೆ ಕಳುಹಿಸಿದಾಗ ಅವರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಉನ್ನತ ಶಿಕ್ಷಣದ ಹಣವನ್ನು ಹಂಚುವ ಕಚೇರಿಯಿಂದೆದ್ದು ನೇರವಾಗಿ ದೇಶದ ಬೊಕ್ಕಸದ ಬಾಗಿಲಿಗೆ ಬಂದವರು ಅವರು.

ಆ ಬೊಕ್ಕಸದ ಅಂದಿನ ಸ್ಥಿತಿಯನ್ನು ನಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಜುಲೈ 1 ಮತ್ತು 3ರಂದು ಎರಡು ಕಂತುಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಅದೇ ತಿಂಗಳು ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಕಳುಹಿಸಿ ಅಡವಿಡಬೇಕಾಯಿತು. ಜುಲೈ 24ರಂದು ಮುಂಗಡಪತ್ರ ಮಂಡಿಸುತ್ತ ಅರ್ಥಮಂತ್ರಿಗಳು ಸುಮಾರು 2,500 ಕೋಟಿ ರೂಪಾಯಿಗಳಷ್ಟಿರುವ ವಿದೇಶಿ ವಿನಿಮಯವು ಕೇವಲ ಹದಿನೈದು ದಿನಗಳ ಆಮದಿಗೆ ಸಾಕಾದೀತೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಪರವಾನಿಗೆ ಪದ್ಧತಿಯ ಬಹುಭಾಗ ಅಲ್ಲಿಂದ ಕಳಚಿಬಿತ್ತು. ಉದಾರೀಕರಣವೆಂದು ನಾವು ಕರೆಯುವ ಯುಗ ಆರಂಭವಾಯಿತು.

ಆ ಭಾಷಣದಿಂದ ದೇಶಕ್ಕಾದ ಲಾಭವನ್ನು ನಾನು ಅಲ್ಲಗಳೆಯಲಾರೆ. ದೂರವಾಣಿಗಾಗಿ, ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದ ತಲೆಮಾರು ನಮ್ಮದು. ಆದರೆ ಆ ನೀತಿಗೆ ಶಿಕ್ಷಣದಲ್ಲಿ ಒಂದು ಪರಿಣಾಮವಿತ್ತು. ಅದನ್ನು ಯಾವ ಮುಂಗಡಪತ್ರವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿಯವರೆಗೆ ಸರಕಾರ, ಬ್ಯಾಂಕು, ವಿಮಾ ನಿಗಮ, ಸಾರ್ವಜನಿಕ ಉದ್ದಿಮೆಗಳು ನಮ್ಮಂಥವರ ಉದ್ಯೋಗದ ಹೆಬ್ಬಾಗಿಲುಗಳಾಗಿದ್ದವು. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ, ಕಾಲೇಜಿನಲ್ಲಿ ಇಂಗ್ಲಿಷನ್ನು ರೂಢಿಸಿಕೊಂಡವನು ಆ ಬಾಗಿಲನ್ನು ದಾಟಬಹುದಿತ್ತು. 1991ರ ನಂತರ ಹೊಸ ಸಂಬಳಗಳೆಲ್ಲ ಖಾಸಗಿ ವಲಯದಲ್ಲಿ, ಅದರಲ್ಲೂ ವಿದೇಶಕ್ಕೆ ಸೇವೆ ಮಾರುವ ಉದ್ಯಮಗಳಲ್ಲಿ ಹುಟ್ಟಿದವು. ಅಲ್ಲಿ ಇಂಗ್ಲಿಷ್ ಮಾತನಾಡಬಲ್ಲವನಿಗೆ ಒಂದು ಬೆಲೆ, ಮಾತನಾಡಲಾರದವನಿಗೆ ಇನ್ನೊಂದು ಬೆಲೆ. ತಂದೆತಾಯಿಗಳು ಈ ಬೆಲೆಪಟ್ಟಿಯನ್ನು ಸರಕಾರಕ್ಕಿಂತ ಮೊದಲೇ ಓದಿಕೊಂಡರು. ನರ್ಸರಿ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ಎಂಬುದು ಶ್ರೀಮಂತರ ಹವ್ಯಾಸವಾಗಿದ್ದುದು ಹೋಗಿ ಬಡವರ ಹಂಬಲವಾಯಿತು.

ಈ ಹಿನ್ನೆಲೆಯಲ್ಲಿ 2007ರ ಭಾಷಣವನ್ನು ನೋಡೋಣ. ಹನ್ನೊಂದನೆಯ ಪಂಚವಾರ್ಷಿಕ ಯೋಜನೆ ಆಗ ತಾನೇ ಆರಂಭವಾಗಿತ್ತು. ಅರ್ಥವ್ಯವಸ್ಥೆ ವೇಗವಾಗಿ ಬೆಳೆಯುತ್ತಿತ್ತು. ಅಭಿವೃದ್ಧಿಯ ಕೆಲವೇ ದ್ವೀಪಗಳಿದ್ದು ಸುತ್ತಲಿನ ವಿಶಾಲ ಪ್ರದೇಶ ಹಾಗೆಯೇ ಉಳಿದುಹೋಗುವ ದೇಶ ನಮ್ಮದಾಗಬಾರದು ಎಂಬ ಅರ್ಥದ ಮಾತನ್ನು ಪ್ರಧಾನಿ ಅಂದು ಹೇಳಿದರು. ಅದಕ್ಕೆ ಸಾಧನವಾಗಿ ಶಿಕ್ಷಣವನ್ನು ಮುಂದಿಟ್ಟರು. ಪ್ರತಿಯೊಂದು ಬ್ಲಾಕಿಗೆ ಒಂದರಂತೆ 6,000 ಉತ್ತಮ ದರ್ಜೆಯ ಶಾಲೆಗಳು, ಕಾಲೇಜು ಸೇರುವವರ ಪ್ರಮಾಣ ಕಡಿಮೆಯಿರುವ 370 ಜಿಲ್ಲೆಗಳಲ್ಲಿ ಕಾಲೇಜುಗಳು, 30 ಕೇಂದ್ರೀಯ ವಿಶ್ವವಿದ್ಯಾಲಯಗಳು, 8 ಐ.ಐ.ಟಿ.ಗಳು, 7 ಐ.ಐ.ಎಂ.ಗಳು, 1,600 ಕೈಗಾರಿಕಾ ತರಬೇತಿ ಸಂಸ್ಥೆಗಳು ಮತ್ತು ಪಾಲಿಟೆಕ್ನಿಕ್‌ಗಳು, 10,000 ವೃತ್ತಿಶಿಕ್ಷಣ ಶಾಲೆಗಳು, 50,000 ಕೌಶಲ್ಯ ಕೇಂದ್ರಗಳು. ಹತ್ತರಲ್ಲೊಬ್ಬರು ಕಾಲೇಜಿಗೆ ಹೋಗುತ್ತಿದ್ದುದು ಐವರಲ್ಲೊಬ್ಬರಾಗಬೇಕು ಎಂಬುದು ಗುರಿ. ಕೆಂಪುಕೋಟೆಯಿಂದ ಶಿಕ್ಷಣದ ಬಗೆಗೆ ಇಷ್ಟು ವಿವರವಾದ ಲೆಕ್ಕವನ್ನು ದೇಶದ ಮುಂದಿಟ್ಟ ಭಾಷಣಗಳು ಹೆಚ್ಚಿಲ್ಲ.

ಭಾಷಣವನ್ನು ಅಳೆಯಲು ನನಗೆ ಗೊತ್ತಿರುವ ನ್ಯಾಯವಾದ ಕ್ರಮ ಒಂದೇ: ಹೇಳಿದ್ದರಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ, ಏಕೆ.

ಬಂದುದನ್ನು ಮೊದಲು ಹೇಳುತ್ತೇನೆ. ಎಂಟು ಐ.ಐ.ಟಿ.ಗಳು 2008 ಮತ್ತು 2009ರಲ್ಲೇ ತರಗತಿಗಳನ್ನು ಆರಂಭಿಸಿದವು. ಏಳು ಐ.ಐ.ಎಂ.ಗಳೂ 2011ರೊಳಗೆ ಬಂದವು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಂಖ್ಯೆ ಮೂವತ್ತನ್ನು ಮುಟ್ಟಲಿಲ್ಲವಾದರೂ 2009ರ ಕಾಯಿದೆಯಿಂದ ಅನೇಕ ರಾಜ್ಯಗಳಿಗೆ ಒಂದೊಂದು ದೊರೆಯಿತು. ಕರ್ನಾಟಕದ ಪಾಲಿನದು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಕಡಗಂಚಿಯಲ್ಲಿ ನಿಂತಿದೆ. ಹಿಂದುಳಿದ ಪ್ರದೇಶವೆಂದು ಹೆಸರಾದ ನೆಲಕ್ಕೆ ಅದು ಸಂದ ಗೌರವ. ಐವರಲ್ಲೊಬ್ಬರು ಕಾಲೇಜಿಗೆ ಎಂಬ ಗುರಿಯೂ 2011-12ರ ಹೊತ್ತಿಗೆ ಈಡೇರಿತು. ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಆ ಪ್ರಮಾಣ ನೂರಕ್ಕೆ 28.4. ಇವು ಸಣ್ಣ ಸಾಧನೆಗಳಲ್ಲ.

ಇನ್ನು ಶಾಲೆಗಳ ಕಡೆಗೆ ಬರೋಣ. ಆರು ಸಾವಿರ ಶಾಲೆಗಳ ಯೋಜನೆ 2008ರ ನವೆಂಬರಿನಲ್ಲಿ ಮಂಜೂರಾಯಿತು. 3,500 ಸರಕಾರದಿಂದ, ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕುಗಳಲ್ಲಿ. ಉಳಿದ 2,500 ಖಾಸಗಿಯವರ ಸಹಭಾಗಿತ್ವದಲ್ಲಿ. ಈ 2,500 ಬಹುಮಟ್ಟಿಗೆ ಕಾಗದದಲ್ಲೇ ಉಳಿದವು. ಸರಕಾರಿ ಭಾಗಕ್ಕೂ ಕೇಂದ್ರದ ನೆರವು 2015-16ರಲ್ಲಿ ನಿಂತುಹೋಯಿತು. ಕಟ್ಟಿದ ಶಾಲೆಗಳನ್ನು ನಡೆಸುವ ಹೊಣೆ ರಾಜ್ಯಗಳ ಹೆಗಲಿಗೆ ಬಿತ್ತು. ಕರ್ನಾಟಕವು ತನ್ನ 74 ಆದರ್ಶ ವಿದ್ಯಾಲಯಗಳನ್ನು ಸ್ವಂತ ಹಣದಿಂದ ಮುಂದುವರಿಸಿತು. ಭಾಷಣ ಮಾಡಿದ ಸರಕಾರ ಹೋಗಿ ಇನ್ನೊಂದು ಸರಕಾರ ಬಂದುದರಿಂದ ಹೀಗಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ಐ.ಐ.ಟಿ.ಗಳನ್ನು ಯಾವ ಸರಕಾರವೂ ನಿಲ್ಲಿಸಲಿಲ್ಲ. ನಂತರದ ಸರಕಾರ ಇನ್ನಷ್ಟು ಸೇರಿಸಿತು. 2016ರಲ್ಲಿ ಧಾರವಾಡಕ್ಕೂ ಒಂದು ಬಂತು. ಮೇಲಿನದು ಉಳಿದು ಕೆಳಗಿನದು ಕುಸಿದುದಕ್ಕೆ ಕಾರಣ ಪಕ್ಷಗಳಿಗಿಂತ ಆಳದಲ್ಲಿದೆ.

ಕಡತಗಳ ನಡುವೆ ಬಾಳಿದವನಾದ್ದರಿಂದ ನನಗೆ ಕಂಡ ಕಾರಣಗಳನ್ನು ಹೇಳುತ್ತೇನೆ. ಐ.ಐ.ಟಿ.ಗೆ ಒಡೆಯ ಒಬ್ಬನೇ: ಕೇಂದ್ರ ಸರಕಾರ. ಸಂಸತ್ತು ಒಪ್ಪಿದರೆ ಹಣ, ಜಾಗ, ಹುದ್ದೆ ಎಲ್ಲವೂ ಒಂದೇ ದಾರಿಯಲ್ಲಿ ಸಾಗುತ್ತವೆ. ಶಾಲೆಗೆ ಒಡೆಯರು ಹಲವರು. 1976ರ 42ನೆಯ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಮಾತಾಡುವ ಅಧಿಕಾರ ಇಬ್ಬರಿಗೂ ಉಂಟು, ಸಂಬಳ ಕೊಡುವ ಹೊಣೆ ಬಹುಪಾಲು ರಾಜ್ಯದ್ದು. ಎರಡನೆಯದು, ಕಟ್ಟಡ ಒಂದು ಸಲದ ಖರ್ಚು; ಶಿಕ್ಷಕ ಮೂವತ್ತು ವರ್ಷಗಳ ಖರ್ಚು. ಕಟ್ಟಡಕ್ಕೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ಫಲಕವಿದೆ. ಎರಡನೆಯ ತರಗತಿಯ ಹುಡುಗಿಗೆ ಓದಲು ಕಲಿಸಿದ ಶಿಕ್ಷಕಿಗೆ ಯಾವ ಫಲಕವೂ ಇಲ್ಲ.

ಮೂರನೆಯದು ಹಣದ ದಾರಿ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕಾಗಿ ತೆರಿಗೆಯ ಮೇಲೆ ನೂರಕ್ಕೆ 2ರಂತೆ ಸೆಸ್ ಬಂತು. ಭಾಷಣದ ವರ್ಷವಾದ 2007ರಲ್ಲೇ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಒಂದು ಸೇರಿತು. 2018ರಲ್ಲಿ ಎರಡೂ ಕೂಡಿ, ಆರೋಗ್ಯವನ್ನೂ ಒಳಗೊಂಡು ನೂರಕ್ಕೆ 4 ಆಯಿತು. ಇಲ್ಲಿರುವ ಸಂಬಳದಾರರೆಲ್ಲರೂ ಇದನ್ನು ಪ್ರತಿವರ್ಷ ಕೊಡುತ್ತಿದ್ದೀರಿ. ಪ್ರಾಥಮಿಕದ ಸೆಸ್‌ಗೆ ಪ್ರತ್ಯೇಕ ನಿಧಿ ಇತ್ತು. ಪ್ರೌಢ ಮತ್ತು ಉನ್ನತ ಶಿಕ್ಷಣದ ಸೆಸ್‌ಗೆ ಅಂಥ ನಿಧಿಗೆ ಮಂಜೂರಾತಿ ಸಿಕ್ಕುದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ಹಣ ಬಂತು, ಅದನ್ನಿಡುವ ಪೆಟ್ಟಿಗೆ ಇರಲಿಲ್ಲ. ಮಹಾಲೇಖಪಾಲರ ವರದಿಗಳೂ ಇದನ್ನು ಎತ್ತಿ ತೋರಿದವು. ಇನ್ನೂ ಒಂದು ಮಾತು: ಸಾಮಾನ್ಯ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲುಂಟು, ಸೆಸ್‌ನಲ್ಲಿ ಇಲ್ಲ. ಶಿಕ್ಷಕರ ಸಂಬಳ ಕೊಡುವವರು ರಾಜ್ಯದವರು. ಶಿಕ್ಷಣದ ಹೆಸರಿನಲ್ಲಿ ಎತ್ತಿದ ಹಣದಲ್ಲಿ ಅವರಿಗೆ ಹಕ್ಕಿನ ಪಾಲಿಲ್ಲ. ಕೇಂದ್ರದ ಯೋಜನೆಗಳ ಮೂಲಕ, ಕೇಂದ್ರದ ಷರತ್ತಿನ ಮೇಲೆ ಬಂದಷ್ಟು ಬರಬೇಕು.

ರಾಷ್ಟ್ರೀಯ ಆದಾಯದಲ್ಲಿ ನೂರಕ್ಕೆ 6 ಭಾಗ ಶಿಕ್ಷಣಕ್ಕೆ ಸಲ್ಲಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1968ರ ನೀತಿ, 1986ರ ನೀತಿ, 2020ರ ನೀತಿ ಮೂರೂ ಅದನ್ನೇ ಪುನರುಚ್ಚರಿಸಿವೆ. ಆರನ್ನು ನಾವು ಒಮ್ಮೆಯೂ ಮುಟ್ಟಿಲ್ಲ. ಅರವತ್ತು ವರ್ಷಗಳಿಂದ ಒಂದೇ ಸಂಖ್ಯೆಯನ್ನು ಹೇಳುತ್ತಿರುವುದು ನಮ್ಮ ಶಿಕ್ಷಣ ಚರಿತ್ರೆಯ ಸಾರವನ್ನು ಹೇಳುತ್ತದೆ.

ಬಂಧುಗಳೇ, ಇಲ್ಲಿಯವರೆಗಿನದು ಹಣದ ಮಾತು. ಆದರೆ 2007ರ ಆ ಪಟ್ಟಿಯಲ್ಲಿ ಹಣಕ್ಕಿಂತ ದೊಡ್ಡ ಮೌನವೊಂದಿದೆ. ಈ ಆರು ಸಾವಿರ ಶಾಲೆಗಳಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಪ್ರಶ್ನೆ ಬಾರದಿದ್ದಾಗ ಉತ್ತರವನ್ನು ಮಾರುಕಟ್ಟೆ ಕೊಡುತ್ತದೆ. ಕರ್ನಾಟಕದ 74 ಆದರ್ಶ ವಿದ್ಯಾಲಯಗಳು ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುವ ಇಂಗ್ಲಿಷ್ ಮಾಧ್ಯಮದ ಶಾಲೆಗಳಾದವು. ಸುತ್ತಲಿನ ಶಾಲೆಗಳಿಗೆ ಮಾದರಿಯಾಗಬೇಕೆಂಬುದು ಕೆಂಪುಕೋಟೆಯ ಆಶಯ. ನಡೆದುದೇನು? ಸುತ್ತಲಿನ ಕನ್ನಡ ಶಾಲೆಗಳು ಐದು ವರ್ಷ ಕಲಿಸಿ ಬೆಳೆಸಿದ ಚುರುಕು ಮಕ್ಕಳು ಪರೀಕ್ಷೆ ಬರೆದು ಅಲ್ಲಿಗೆ ಹೋದರು. ಆ ಮಕ್ಕಳಿಗೆ ಒಳ್ಳೆಯದೇ ಆಯಿತು. ಬಡವರ ಮನೆಯಿಂದ ಬಂದವರು ಅವರಲ್ಲಿ ಅನೇಕರು. ಹಳ್ಳಿಯ ಶಾಲೆ ಮಾತ್ರ ಇನ್ನಷ್ಟು ಬಡವಾಯಿತು. ದ್ವೀಪಗಳಾಗಬಾರದೆಂದ ಭಾಷಣದಿಂದ ಹುಟ್ಟಿದ ಯೋಜನೆ ಪ್ರತಿ ತಾಲೂಕಿಗೆ ಒಂದೊಂದು ದ್ವೀಪವನ್ನೇ ನಿರ್ಮಿಸಿತು.

ಡಾ. ಸಿಂಗ್ ಅವರ ವಿಷಯದಲ್ಲಿ ಈ ಮೌನ ನನಗೆ ವಿಶೇಷವಾಗಿ ತೋರುತ್ತದೆ. ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದ 2010ರ ಏಪ್ರಿಲ್ 1ರಂದು ಅವರು ದೇಶವನ್ನುದ್ದೇಶಿಸಿ ಮಾತನಾಡಿದರು. ಸಾಧಾರಣ ಮನೆತನದಲ್ಲಿ ಹುಟ್ಟಿ, ಬಹುದೂರ ನಡೆದು ಶಾಲೆಗೆ ಹೋಗಿ, ಸೀಮೆಎಣ್ಣೆ ದೀಪದ ಮಂದ ಬೆಳಕಿನಲ್ಲಿ ಓದಿದುದನ್ನು ನೆನೆದು, ತಾನು ಇಂದು ಏನಾಗಿದ್ದೇನೋ ಅದು ಶಿಕ್ಷಣದಿಂದ ಎಂದರು. ಹಣದ ಕೊರತೆ ಈ ಕಾಯಿದೆಗೆ ಅಡ್ಡಿಯಾಗದೆಂಬ ಭರವಸೆಯನ್ನೂ ಕೊಟ್ಟರು. ದೀಪದ ಮಾತು ಎಲ್ಲರಿಗೂ ನೆನಪಿದೆ. ಆ ದೀಪದ ಬೆಳಕಿನಲ್ಲಿ ಅವರು ಓದಿದ ಲಿಪಿಯ ಮಾತು ಭಾಷಣದಲ್ಲಿ ಇರಲಿಲ್ಲ. ಕೊನೆಯವರೆಗೂ ಅವರು ತಮ್ಮ ಹಿಂದಿ ಭಾಷಣಗಳನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡು ಓದುತ್ತಿದ್ದರು. ಉರ್ದುವಿನಲ್ಲಿ ಅಕ್ಷರಾಭ್ಯಾಸ ಮಾಡಿದ ಹಳ್ಳಿಯ ಹುಡುಗ ಕೇಂಬ್ರಿಜ್‌ನಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಪ್ರಥಮ ದರ್ಜೆ ಪಡೆಯಬಹುದೆಂಬುದಕ್ಕೆ ಅವರ ಬದುಕೇ ಸಾಕ್ಷಿ. ಆ ಸಾಕ್ಷಿಯನ್ನು ಅವರು ನೀತಿಯಾಗಿ ಮಾಡಲಿಲ್ಲ.

ಕಾನೂನಿನಲ್ಲಿ ಈ ಮಾತು ಇಲ್ಲವೆಂದಲ್ಲ. ಅದೇ ಕಾಯಿದೆಯ 29ನೆಯ ಪ್ರಕರಣ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆನ್ನುತ್ತದೆ. ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350-ಎ ಅನುಚ್ಛೇದ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗಾಗಿಯೇ ಬರೆದದ್ದು: ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ, ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. ಆದರೆ ‘ಸಾಧ್ಯವಾದಷ್ಟು’, ‘ಪ್ರಯತ್ನಿಸಬೇಕು’ ಎಂಬ ಶಬ್ದಗಳ ಬಲ ಎಷ್ಟೆಂದು ಕಚೇರಿಯಲ್ಲಿ ಕೂತವರಿಗೆ ಗೊತ್ತು. ಕೇಳುವವರಿದ್ದರೆ ಅವು ಬಾಗಿಲು, ಕೇಳುವವರಿಲ್ಲದಿದ್ದರೆ ಗೋಡೆ. ಕರ್ನಾಟಕ ಸರಕಾರ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡಹೊರಟಾಗ, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಹೇಳುವವರು ತಂದೆತಾಯಿ ಎಂದಿತು. ತೀರ್ಪನ್ನು ಕನ್ನಡದ ಸೋಲೆಂದು ಹಲವರು ಶೋಕಿಸಿದರು. ನನಗೆ ಅದರಲ್ಲಿ ಕಾಣುವ ಪಾಠ ಬೇರೆ. ಕಡ್ಡಾಯದ ದಾರಿ ಮುಚ್ಚಿತು. ಇನ್ನು ತಂದೆತಾಯಿಗಳು ತಾವಾಗಿ ಆರಿಸಿಕೊಳ್ಳುವಂಥ ಕನ್ನಡ ಶಾಲೆಯನ್ನು ಕಟ್ಟುವ ದಾರಿ ಮಾತ್ರ ಉಳಿದಿದೆ.

ಈಗ ಈ ಊರಿನ ಮಾತು. ಅರ್ಥವ್ಯವಸ್ಥೆಗೂ ಶಿಕ್ಷಣಕ್ಕೂ ಇರುವ ನಂಟನ್ನು ಮುಂಬಯಿ ಕನ್ನಡಿಗರಿಗೆ ಯಾವ ನಾಯಕನೂ ವಿವರಿಸಬೇಕಾಗಿಲ್ಲ. ಕರಾವಳಿಯಿಂದ ಹಡಗಿನಲ್ಲಿ, ಬಸ್ಸಿನಲ್ಲಿ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕೂತು ಮೆಟ್ರಿಕ್ ಪಾಸಾದರು. ಅವರಲ್ಲಿ ಗುಮಾಸ್ತರಾದವರು, ವಕೀಲರಾದವರು, ಬ್ಯಾಂಕಿನ ಮ್ಯಾನೇಜರರಾದವರು, ತಾವೇ ಹೋಟೆಲು ತೆರೆದವರು ಎಷ್ಟು ಜನವೆಂಬುದು ಈ ಸಭೆಗೆ ನನಗಿಂತ ಚೆನ್ನಾಗಿ ಗೊತ್ತು. ಆ ಶಾಲೆಗಳನ್ನು ಕಟ್ಟಿದವು ಜಾತಿ ಸಂಘಗಳು, ಭಾಷಾ ಸಂಘಗಳು, ದಾನಿಗಳು. ಅಲ್ಲಿ ಕನ್ನಡವೂ ಇತ್ತು, ಇಂಗ್ಲಿಷೂ ಇತ್ತು, ಹೊಟ್ಟೆಪಾಡಿನ ಲೆಕ್ಕವೂ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದ ಅಪರೂಪದ ಸಂಸ್ಥೆ. ಅವುಗಳಲ್ಲಿ ಕನ್ನಡವೂ ಒಂದು. ಈಚಿನ ದಶಕಗಳಲ್ಲಿ ಕನ್ನಡ ಶಾಲೆಗಳ ಪಟ್ಟಿ ಕುಗ್ಗುತ್ತ ಬಂದುದನ್ನು ನಾವೆಲ್ಲ ನೋಡಿದ್ದೇವೆ. ಮಕ್ಕಳಿಲ್ಲವೆಂದು ಶಿಕ್ಷಕರನ್ನು ಕೊಡುವುದಿಲ್ಲ. ಶಿಕ್ಷಕರಿಲ್ಲವೆಂದು ಮಕ್ಕಳನ್ನು ಸೇರಿಸುವುದಿಲ್ಲ. ಈ ಸುಳಿಯಲ್ಲಿ ಮೊದಲು ಸಿಕ್ಕಿಬಿದ್ದವರು ಉತ್ತರ ಕರ್ನಾಟಕದಿಂದ ಕಟ್ಟಡದ ಕೂಲಿಗೆ ಬಂದವರ ಮಕ್ಕಳು. ಅವರ ಮನೆಯಲ್ಲಿ ಇಂಗ್ಲಿಷ್ ಇಲ್ಲ. ಬೀದಿಯಲ್ಲಿ ಮರಾಠಿ, ಹಿಂದಿ. ಶಾಲೆಯಲ್ಲಿ ಕನ್ನಡವೂ ಇಲ್ಲದೆ ಹೋದರೆ ಆ ಮಗು ಯಾವ ಭಾಷೆಯಲ್ಲಿ ಯೋಚಿಸಲು ಕಲಿಯಬೇಕು? ಸಭಿಕರಲ್ಲಿ ಬಹುತೇಕರ ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಅದು ಅವರವರ ಆಯ್ಕೆ, ನಾನು ಟೀಕಿಸುವುದಿಲ್ಲ. ಆದರೆ ಆಯ್ಕೆಯೇ ಇಲ್ಲದವರ ಪಾಲಿನ ಶಾಲೆಯನ್ನು ಕಾಯುವ ಕೆಲಸ ಆಯ್ಕೆಯುಳ್ಳವರದು.

ಹಾಗಾದರೆ ಸಂಘ ಏನು ಮಾಡಬಹುದು? ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಶಿಕ್ಷಣದ ಹಕ್ಕಿನ ಕಾಯಿದೆಯ 21ನೆಯ ಪ್ರಕರಣದಂತೆ ಪಾಲಿಕೆಯ ಶಾಲೆಗಳಲ್ಲಿ ವ್ಯವಸ್ಥಾಪನಾ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಈ ಸಮಿತಿ ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬಹುದು, ಅನುದಾನದ ಬಳಕೆಯನ್ನು ನೋಡಬಹುದು. ಕೂಲಿ ಮಾಡುವ ತಾಯಿಗೆ ಅರ್ಜಿ ಬರೆಯಲು ಬಾರದಿರಬಹುದು. ಸಂಘದಲ್ಲಿ ನಿವೃತ್ತ ಗುಮಾಸ್ತರಿಗೇನು ಬರವಿಲ್ಲ. ಎರಡನೆಯದು, ಉಳಿದಿರುವ ಪ್ರತಿ ಕನ್ನಡ ಶಾಲೆಗೆ ಒಬ್ಬ ಒಳ್ಳೆಯ ಇಂಗ್ಲಿಷ್ ಶಿಕ್ಷಕಿಯನ್ನು ಸಂಘದ ವೆಚ್ಚದಿಂದ ಒದಗಿಸುವುದು. ಕನ್ನಡದಲ್ಲಿ ವಿಷಯ ಕಲಿತು ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಯುವ ಶಾಲೆ ದೊರೆತರೆ ಪೋಷಕರ ಭಯದ ಅರ್ಧ ಭಾಗ ಹೋಗುತ್ತದೆ. ರಾಜ್ಯೋತ್ಸವದ ವೇದಿಕೆಗೂ ಹಾರತುರಾಯಿಗಳಿಗೂ ನಾವು ಮಾಡುವ ಖರ್ಚಿನ ಒಂದು ಭಾಗ ಇದಕ್ಕೆ ಸಾಕು. ಮೂರನೆಯದು, ಭಾಷಾ ಅಲ್ಪಸಂಖ್ಯಾತರಿಗಾಗಿ ಸಂವಿಧಾನದ 350-ಬಿ ಅನುಚ್ಛೇದದಂತೆ ವಿಶೇಷ ಅಧಿಕಾರಿಯ ಹುದ್ದೆಯಿದೆ. ಆ ಕಚೇರಿಯ ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ ಎಂಬ ನಿಖರವಾದ ಪಟ್ಟಿಯೊಡನೆ ಅಲ್ಲಿಗೆ ಮನವಿ ಕಳುಹಿಸಬೇಕು. ಕನ್ನಡಕ್ಕೆ ಅನ್ಯಾಯವಾಗಿದೆ ಎಂಬ ಒಂದು ಸಾಲಿನ ಠರಾವನ್ನು ಕಡತ ನುಂಗಿಬಿಡುತ್ತದೆ. ಅಂಕಿಗಳಿರುವ ಪತ್ರಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ನಾಯಕರು ಇನ್ನೂ ಭಾಷಣಗಳನ್ನು ಮಾಡುತ್ತಾರೆ. ಮುಂದಿನ ಆಗಸ್ಟ್ 15ರಂದೂ ಅರ್ಥವ್ಯವಸ್ಥೆಯ ಗಾತ್ರದ ಮಾತು ಬರುತ್ತದೆ, ಯುವಜನರ ಮಾತು ಬರುತ್ತದೆ. ಕೇಳುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಿ ಎಂಬುದು ನನ್ನ ವಿನಂತಿ: ಇದರ ಹಣ ಯಾವ ದಾರಿಯಲ್ಲಿ ಬರುತ್ತದೆ? ಇದು ಒಂದನೆಯ ತರಗತಿಯ ಮಗುವನ್ನು ಮುಟ್ಟುತ್ತದೆಯೇ? ಆ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ? ಡಾ. ಮನಮೋಹನ ಸಿಂಗ್ ಅವರು ಪ್ರಾಮಾಣಿಕರು, ವಿದ್ವಾಂಸರು, ಮಿತಭಾಷಿಗಳು. ಅವರ ಭಾಷಣಕ್ಕೆ ಈ ಪ್ರಶ್ನೆಗಳನ್ನು ಕೇಳುವುದು ಅವರಿಗೆ ತೋರುವ ಅಗೌರವವಾಗದು. ಅಧ್ಯಾಪಕರಾಗಿದ್ದವರು ಪ್ರಶ್ನೆಗಳನ್ನು ಮೆಚ್ಚುತ್ತಾರೆ.